ಪದೇ ಪದೇ ಬೀಳುವ ಕನಸಿನ ಅರ್ಥ ಹುಡುಕುವುದು ಹೇಗೆ?

ಒಮ್ಮೆ ಬಿದ್ದು ಮರೆತುಹೋಗುವ ಕನಸಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಕನಸು ತಿಂಗಳಿಗೊಮ್ಮೆ, ಎರಡು ಸಲ, ವರ್ಷಗಟ್ಟಲೆ ಬರುತ್ತಿದ್ದರೆ ಮಾತ್ರ ‘ಇದರಲ್ಲಿ ಏನೋ ಇರಬೇಕು’ ಎಂಬ ಅನುಮಾನ ಶುರುವಾಗುತ್ತದೆ. ಉತ್ತರ ಹುಡುಕಲು ಹೊರಟವರ ಕೈಗೆ ಸಿಗುವುದು ಪಟ್ಟಿಗಳು: ಹಾವು ಕಂಡರೆ ಹೀಗೆ, ನೀರು ಕಂಡರೆ ಹಾಗೆ, ಹಲ್ಲು ಉದುರಿದರೆ ಇನ್ನೇನೋ. ಒಂದು ಪಟ್ಟಿಯಲ್ಲಿ ಶುಭವೆಂದು ಬರೆದಿದ್ದು ಮತ್ತೊಂದರಲ್ಲಿ ಅಶುಭ. ಪಟ್ಟಿ ಮಾಡಿದವರಿಗೆ ನೀವು ಯಾರೆಂದೇ ಗೊತ್ತಿಲ್ಲ. ಗೊತ್ತಿಲ್ಲದವರ ಒಳಗಿನ ಮಾತನ್ನು ಅಷ್ಟು ಧೈರ್ಯವಾಗಿ ಹೇಳಿಬಿಡುವುದನ್ನು ನೋಡಿದರೆ ನನಗಂತೂ ಬೆರಗಾಗುತ್ತದೆ.

ಮರುಕಳಿಸುವ ಕನಸಿಗೆ ಬಿಡಿ ಕನಸಿಗಿಲ್ಲದ ಒಂದು ಅನುಕೂಲವಿದೆ. ಅದು ಮತ್ತೆ ಬರುತ್ತದೆ. ಹಾಗಾಗಿ ನಾವು ಕೊಟ್ಟ ಅರ್ಥವನ್ನು ಪರೀಕ್ಷಿಸಿ ನೋಡಲು ಅವಕಾಶವಿರುತ್ತದೆ. ಯಾವ ದಿನಗಳಲ್ಲಿ ಬಂತು, ಯಾವಾಗ ಬರಲಿಲ್ಲ, ಪ್ರತಿ ಸಲ ಏನು ಬದಲಾಗುತ್ತದೆ, ಏನು ಹಾಗೆಯೇ ಉಳಿಯುತ್ತದೆ ಎಂಬುದನ್ನು ನೋಡುತ್ತಾ ಹೋದರೆ ಒಂದು ಊಹೆ ಗಟ್ಟಿಯಾಗುತ್ತದೆ, ಇಲ್ಲವೇ ಬಿದ್ದುಹೋಗುತ್ತದೆ. ಕೆಳಗಿನದು ಆ ಪರೀಕ್ಷೆಯ ಕ್ರಮ. ಇದಕ್ಕೆ ಬೇಕಾದದ್ದು ಒಂದು ನೋಟ್‌ಪುಸ್ತಕ, ಒಂದು ಪೆನ್ನು, ಕೆಲವು ತಿಂಗಳ ತಾಳ್ಮೆ.

ಯಾವ ಬಗೆಯ ಮರುಕಳಿಕೆ?

‘ಅದೇ ಕನಸು’ ಎಂದು ನಾವು ಹೇಳುವುದೆಲ್ಲ ಒಂದೇ ಬಗೆಯದಲ್ಲ. ಕೆಲವರಿಗೆ ಕಥೆ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ: ಅದೇ ಮೆಟ್ಟಿಲು, ಅದೇ ಬಾಗಿಲು. ಹೆಚ್ಚಿನವರಿಗೆ ಕಥೆ ಬೇರೆಯಾದರೂ ವಸ್ತು ಒಂದೇ: ಈ ಸಲ ರೈಲು ತಪ್ಪಿತು, ಹೋದ ಸಲ ವಿಮಾನ, ಅದಕ್ಕೂ ಮುಂಚೆ ಮದುವೆಯ ಮುಹೂರ್ತ. ಇವೆರಡನ್ನೂ ಇಲ್ಲಿ ಹೇಳುವ ಕ್ರಮದಲ್ಲಿ ಬಿಡಿಸಬಹುದು.

ಮೂರನೆಯದೊಂದಿದೆ. ನಿಜವಾಗಿ ನಡೆದ ಅಪಘಾತ, ಹಲ್ಲೆ ಅಥವಾ ದುರಂತ ನಡೆದಂತೆಯೇ ಕನಸಿನಲ್ಲಿ ಮತ್ತೆ ನಡೆಯುವುದು. ಇದರ ಅರ್ಥ ಹುಡುಕುವ ಅಗತ್ಯವಿಲ್ಲ, ಅರ್ಥ ಕಣ್ಣೆದುರಿಗೇ ಇದೆ. ಬೇಕಾದದ್ದು ಉಪಚಾರ. ನಿಮ್ಮದು ಈ ಬಗೆಯಾದರೆ ನಡುವಿನ ಹೆಜ್ಜೆಗಳನ್ನು ಬಿಟ್ಟು, ವೈದ್ಯರ ಬಗ್ಗೆ ಬರೆದಿರುವ ಭಾಗಕ್ಕೆ ನೇರವಾಗಿ ಹೋಗಿ.

ಮೊದಲು ದೇಹವನ್ನು ವಿಚಾರಿಸಿಕೊಳ್ಳಿ

ಮನಸ್ಸಿನ ಆಳಕ್ಕೆ ಇಳಿಯುವ ಮೊದಲು ದವಡೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಹಲ್ಲು ಉದುರುವ ಕನಸು ಜಗತ್ತಿನ ಎಲ್ಲ ಕಡೆ ಜನರಿಗೆ ಬೀಳುತ್ತದೆ. ಅದಕ್ಕೆ ಸಾವು, ನಷ್ಟ, ಮುಪ್ಪು ಎಂದು ಏನೇನೋ ಅರ್ಥ ಕಟ್ಟಿದ್ದಾರೆ. 2018ರಲ್ಲಿ ಇಸ್ರೇಲಿನ ಇಬ್ಬರು ಸಂಶೋಧಕರು ಈ ಕನಸಿನ ಬಗ್ಗೆ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಅದಕ್ಕೂ ಮಾನಸಿಕ ಸಂಕಟಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಬೆಳಿಗ್ಗೆ ಏಳುವಾಗ ಹಲ್ಲು, ಒಸಡು, ದವಡೆಯಲ್ಲಿ ಇರುವ ಬಿಗಿತಕ್ಕೆ. ಅಂದರೆ ರಾತ್ರಿ ಹಲ್ಲು ಕಡಿಯುವವರ ಈ ಕನಸಿಗೆ ದಂತವೈದ್ಯರೇ ಉತ್ತರ ಕೊಡಬಹುದು.

ಹಾಗೆಯೇ ಶೌಚಾಲಯ ಹುಡುಕುತ್ತಾ ಅಲೆಯುವ ಕನಸಿಗೆ ತುಂಬಿದ ಮೂತ್ರಕೋಶಕ್ಕಿಂತ ದೊಡ್ಡ ರಹಸ್ಯವಿರುವುದು ಅಪರೂಪ. ಉಸಿರುಗಟ್ಟುವ, ಮುಳುಗುವ ಕನಸುಗಳ ಜೊತೆಗೆ ಜೋರು ಗೊರಕೆ, ಹಗಲಲ್ಲಿ ತೂಕಡಿಕೆ, ಬೆಳಗಿನ ತಲೆನೋವು ಇದ್ದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ, ಚಿಕಿತ್ಸೆಯಾದ ಮೇಲೆ ಕೆಟ್ಟ ಕನಸುಗಳು ಕಡಿಮೆಯಾಗುವುದೂ ಉಂಟು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು, ಧೂಮಪಾನ ಬಿಡಲು ಹಚ್ಚಿಕೊಳ್ಳುವ ನಿಕೋಟಿನ್ ಪಟ್ಟಿಗಳು ಕನಸುಗಳಿಗೆ ವಿಪರೀತ ಬಣ್ಣ ತುಂಬಬಲ್ಲವು. ಮದ್ಯ ಇನ್ನೂ ವಿಚಿತ್ರ: ರಾತ್ರಿಯ ಮೊದಲ ಭಾಗದಲ್ಲಿ ಕನಸಿನ ನಿದ್ದೆಯನ್ನು ಅದು ಅದುಮಿಡುತ್ತದೆ, ಅದುಮಿಟ್ಟದ್ದು ಬೆಳಗಿನ ಜಾವ ಒಮ್ಮೆಲೇ ನುಗ್ಗುತ್ತದೆ.

ಕನಸು ಯಾವಾಗ ಶುರುವಾಯಿತು, ಆ ಹೊತ್ತಿಗೆ ಮಾತ್ರೆ, ನಿದ್ದೆಯ ವೇಳೆ, ಕುಡಿತ ಇವುಗಳಲ್ಲಿ ಏನಾದರೂ ಬದಲಾಯಿತೇ ಎಂದು ನೆನಪು ಮಾಡಿಕೊಳ್ಳಿ. ಬದಲಾಗಿದ್ದರೆ ಮೊದಲು ಅದನ್ನು ವೈದ್ಯರ ಹತ್ತಿರ ಪ್ರಸ್ತಾಪಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಬರೆದಿಡುವುದು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಹೆಚ್ಚಿನವರು ಕೈಬಿಡುವುದೂ ಇಲ್ಲಿಯೇ.

1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಆಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಅವರು, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ನಿದ್ದೆಯ ಹಂತವೊಂದನ್ನು ಗುರುತಿಸಿ ವರದಿ ಮಾಡಿದರು. ಆ ಹಂತದಲ್ಲಿ ಎಬ್ಬಿಸಿದವರು ಬಹುಪಾಲು ಕನಸು ಕಾಣುತ್ತಿದ್ದುದಾಗಿ ಹೇಳಿದರು. ರೆಮ್ ನಿದ್ದೆ ಎಂದು ಹೆಸರಾದ ಇದು ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತಾ ಬಂದಂತೆ ಅದರ ಅವಧಿ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ಉದ್ದವಾಗಿರುವುದಕ್ಕೂ ಅದೇ ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದಕ್ಕೂ ಕಾರಣ ಇದು. ಅಲಾರಂ ಹೊಡೆದ ಕೂಡಲೇ ದಡಬಡಿಸಿ ಏಳುವವರಿಗೆ ಅದೂ ಉಳಿಯುವುದಿಲ್ಲ.

ಎಚ್ಚರವಾದಾಗ ಮಗ್ಗುಲು ಬದಲಿಸಬೇಡಿ. ಕಣ್ಣು ಮುಚ್ಚಿಕೊಂಡೇ, ಕೊನೆಯ ದೃಶ್ಯದಿಂದ ಹಿಂದಕ್ಕೆ ಹೋಗಿ: ಅದಕ್ಕೆ ಮೊದಲು ಎಲ್ಲಿದ್ದೆ, ಅದಕ್ಕೂ ಮೊದಲು? ಆಮೇಲೆ ಪೆನ್ನು ಹಿಡಿಯಿರಿ. ಮೊಬೈಲ್‌ನಲ್ಲಿ ಬರೆದುಕೊಳ್ಳುವ ಆಸೆ ಬೇಡ. ಪರದೆಯ ಮೇಲೆ ಕಾದು ಕುಳಿತ ಒಂದು ಸಂದೇಶ ಸಾಕು, ಕನಸು ಹೇಳಹೆಸರಿಲ್ಲದೆ ಹೋಗಲು.

ಮೊದಲ ಸಾಲಿನಲ್ಲಿ ಕಥೆ ಬೇಡ, ಭಾವ ಬರೆಯಿರಿ. ‘ಭಯ’ ಎಂದಷ್ಟೇ ಬರೆದರೆ ಸಾಲದು. ಸಿಕ್ಕಿಬೀಳುತ್ತೇನೆಂಬ ಭಯವೇ, ತಡವಾಯಿತೆಂಬ ಗಾಬರಿಯೇ, ನಾಚಿಕೆಯೇ, ತಪ್ಪು ಮಾಡಿದ ಅಳುಕೇ, ಯಾರೂ ಇಲ್ಲವೆಂಬ ದಿಗಿಲೇ? ಈ ವ್ಯತ್ಯಾಸಗಳೇ ಮುಂದೆ ದಾರಿ ತೋರಿಸುವುದು. ಆಮೇಲೆ ಕಥೆಯನ್ನು ಈಗ ನಡೆಯುತ್ತಿರುವಂತೆ ಬರೆಯಿರಿ: ‘ಬಾಗಿಲು ತೆರೆಯುತ್ತೇನೆ, ಒಳಗೆ ಕತ್ತಲೆ.’ ಅರ್ಧಂಬರ್ಧ ನೆನಪಿದ್ದರೆ ಅರ್ಧಂಬರ್ಧವೇ ಇರಲಿ, ತರ್ಕಕ್ಕೆ ಹೊಂದುವಂತೆ ತೇಪೆ ಹಾಕಬೇಡಿ. ಅಜ್ಜಿಯ ಮುಖವಿದ್ದರೂ ಅದು ನಿಮ್ಮ ಮೇಲಧಿಕಾರಿ ಎಂದು ಕನಸಿನಲ್ಲಿ ಗೊತ್ತಿದ್ದರೆ, ಹಾಗೆಯೇ ಬರೆದಿಡಿ. ಕನಸು ಎಲ್ಲಿ ನಿಂತಿತು ಎಂಬುದನ್ನು ಮಾತ್ರ ತಪ್ಪದೆ ಗುರುತು ಮಾಡಿ.

ಅದೇ ಪುಟದ ಕೆಳಗೆ ಹಿಂದಿನ ದಿನದ್ದು ಎರಡು ಸಾಲು. ಏನು ನಡೆಯಿತು ಎಂಬುದಕ್ಕಿಂತ ಏನು ಕಾಡಿತು ಎಂಬುದು: ಹೇಳಬೇಕೆಂದು ಹೇಳದೇ ಬಿಟ್ಟ ಮಾತು, ಮುಂದೂಡಿದ ಕೆಲಸ, ಬೇಡವೆಂದರೂ ಒಪ್ಪಿಕೊಂಡದ್ದು. ಕನಸು ಬೀಳದ ದಿನವೂ ಈ ಎರಡು ಸಾಲು ಇರಬೇಕು. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದಿಲ್ಲದೆ ಉಳಿದದ್ದೆಲ್ಲ ಊಹಾಪೋಹ. ಕನಸು ಬಿದ್ದ ದಿನಗಳನ್ನು ಮಾತ್ರ ನೋಡಿದರೆ ಎಲ್ಲ ದಿನಗಳಲ್ಲೂ ಏನಾದರೊಂದು ಕಾರಣ ಸಿಕ್ಕೇ ಸಿಗುತ್ತದೆ. ಅದೇ ಕಾರಣವಿದ್ದೂ ಕನಸು ಬೀಳದ ದಿನಗಳು ಎಷ್ಟಿದ್ದವು ಎಂಬುದು ಗೊತ್ತಾಗುವುದಿಲ್ಲ.

ಬದಲಾಗದೆ ಉಳಿಯುವುದನ್ನು ಹುಡುಕಿ

ನಾಲ್ಕೈದು ಸಲದ ದಾಖಲೆ ಸಿಕ್ಕ ಮೇಲೆ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಹಳೆಯ ಕನಸುಗಳು ನೆನಪಿದ್ದರೆ ಅವನ್ನೂ ಸೇರಿಸಿ, ಆದರೆ ‘ನೆನಪಿನಿಂದ’ ಎಂದು ಗುರುತು ಹಾಕಿ. ಹಳೆಯ ಕನಸನ್ನು ನಾವು ಹೇಳಿ ಹೇಳಿ ನಯಗೊಳಿಸಿರುತ್ತೇವೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಬ್ಬ ಮಹಿಳೆಗೆ ಹೀಗೊಂದು ಕನಸು. ಮನೆಯಲ್ಲಿ ಬಳಸದೆ ಮುಚ್ಚಿದ ಕೋಣೆಯೊಂದಿದೆ, ಅದರೊಳಗೆ ಮೀನಿನ ತೊಟ್ಟಿ ಇಟ್ಟದ್ದು ಆಕೆಗೆ ಥಟ್ಟನೆ ನೆನಪಾಗುತ್ತದೆ. ಓಡಿಹೋಗಿ ಬಾಗಿಲು ತೆರೆದರೆ ಗಾಜು ಪಾಚಿಗಟ್ಟಿದೆ, ನೀರು ಎರಡು ಬೆರಳಿನಷ್ಟು ಉಳಿದಿದೆ. ಮೀನುಗಳು ಒಂದಕ್ಕೊಂದು ಅಂಟಿಕೊಂಡು ಬಿದ್ದಿವೆ, ಇನ್ನೂ ಬಾಯಿ ತೆರೆದು ಮುಚ್ಚುತ್ತಿವೆ. ಪಕ್ಕದಲ್ಲೇ ಆಹಾರದ ಡಬ್ಬಿ. ಮುಚ್ಚಳ ತಿರುಗಿಸುತ್ತಾಳೆ, ತಿರುಗಿಸುತ್ತಲೇ ಇರುತ್ತಾಳೆ, ಅದು ಬಿಚ್ಚುವುದಿಲ್ಲ. ಎಚ್ಚರವಾಗುತ್ತದೆ.

ಪುಟಗಳನ್ನು ಹೋಲಿಸಿದಾಗ ಆಕೆಗೆ ಕಂಡದ್ದು: ಕೋಣೆ ಒಮ್ಮೆ ಮನೆಯಲ್ಲಿರುತ್ತದೆ, ಒಮ್ಮೆ ಕಚೇರಿಯಲ್ಲಿ. ಎರಡು ಸಲ ಮೀನಿನ ಬದಲು ಮೊಲಗಳಿದ್ದವು. ಒಮ್ಮೆ ಡಬ್ಬಿಯ ಬದಲು ತುಕ್ಕು ಹಿಡಿದ ನಲ್ಲಿ. ಹಾಗಾದರೆ ಕೋಣೆ ಮುಖ್ಯವಲ್ಲ, ಮೀನೂ ಮುಖ್ಯವಲ್ಲ. ಪ್ರತಿ ಸಲ ಉಳಿದದ್ದು ನಾಲ್ಕು: ಮರೆತಿರುವುದು, ಥಟ್ಟನೆ ನೆನಪಾಗುವುದು, ಜೀವ ಇನ್ನೂ ಇರುವುದು, ಕೈಯಿಂದ ಆಗಬೇಕಾದ ಸಣ್ಣ ಕೆಲಸವೊಂದು ಆಗದಿರುವುದು. ಭಾವದ ಸಾಲಿನಲ್ಲಿ ಒಮ್ಮೆಯೂ ‘ಭಯ’ ಎಂದಿರಲಿಲ್ಲ. ಪ್ರತಿ ಸಲವೂ ‘ಅಳುಕು’.

ಮೀನಿನ ಅರ್ಥ ಹುಡುಕಿ ಹೊರಟಿದ್ದರೆ ಆಕೆ ಸಂಪತ್ತು, ಸಂತಾನ, ಸಮುದ್ರಯಾನ ಎಂದು ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದಳು.

ನಿಮ್ಮ ಕನಸಿನಲ್ಲೂ ಹೀಗೆ ಬದಲಾಗುವುದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಬನ್ನಿ. ಉಳಿದದ್ದನ್ನು ಹೆಸರು, ಊರು, ವಸ್ತು ಯಾವುದೂ ಇಲ್ಲದ ಒಂದು ವಾಕ್ಯವಾಗಿ ಬರೆಯಿರಿ. ‘ನಾನು ನೋಡಿಕೊಳ್ಳಬೇಕಾದ ಏನನ್ನೋ ಮರೆತಿದ್ದೇನೆ, ಅದು ಇನ್ನೂ ಬದುಕಿದೆ, ಆದರೆ ನನ್ನ ಕೈ ಸಾಗುತ್ತಿಲ್ಲ.’ ಈ ವಾಕ್ಯ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಕನಸು ಪ್ರತಿ ಸಲ ತಡೆದು ನಿಲ್ಲುವ ಜಾಗಕ್ಕೆ, ಇಲ್ಲಿ ಆ ಮುಚ್ಚಳಕ್ಕೆ, ವಿಶೇಷ ಗಮನ ಕೊಡಿ.

ಗೊತ್ತಿಲ್ಲದವರಿಗೆ ವಿವರಿಸುವಂತೆ

ಅಮೆರಿಕದ ಮನಶ್ಶಾಸ್ತ್ರಜ್ಞೆ ಗೇಲ್ ಡೆಲೇನಿ ಬಳಸುತ್ತಿದ್ದ ಉಪಾಯವೊಂದಿದೆ. ನಿಮ್ಮೆದುರು ಬೇರೆ ಗ್ರಹದಿಂದ ಬಂದವರೊಬ್ಬರು ಕುಳಿತಿದ್ದಾರೆ. ಮೀನು ಎಂದರೇನು, ಪರೀಕ್ಷೆ ಎಂದರೇನು, ನಿಮ್ಮ ಚಿಕ್ಕಪ್ಪ ಎಂಥವರು ಎಂದು ಅವರಿಗೆ ಏನೂ ಗೊತ್ತಿಲ್ಲ. ಅವರಿಗೆ ಎರಡು ಮೂರು ವಾಕ್ಯಗಳಲ್ಲಿ ವಿವರಿಸಿ. ಹೀಗೆ ವಿವರಿಸುವಾಗ ನಿಘಂಟಿನ ಅರ್ಥ ಬರುವುದಿಲ್ಲ, ನಿಮ್ಮದೇ ಅಭಿಪ್ರಾಯ ಹೊರಬೀಳುತ್ತದೆ. ನಾಯಿಯೆಂದರೆ ಒಬ್ಬರಿಗೆ ‘ಬಿಟ್ಟುಹೋಗದ ಗೆಳೆಯ’, ಇನ್ನೊಬ್ಬರಿಗೆ ‘ಯಾವಾಗ ಕಚ್ಚುತ್ತದೋ ಹೇಳಲಾಗದ ಪ್ರಾಣಿ’. ಒಂದೇ ಪಟ್ಟಿ ಇಬ್ಬರಿಗೂ ಹೇಗೆ ಹೊಂದೀತು?

ನಮ್ಮ ಉದಾಹರಣೆಯ ಮಹಿಳೆ ಬರೆದದ್ದು: ‘ಮೀನು ಹಸಿವಾದರೂ ಕೂಗುವುದಿಲ್ಲ. ಮೊಲವೂ ಹಾಗೆಯೇ. ಕೇಳದಿರುವುದರಿಂದ ಅವನ್ನು ಮರೆಯುವುದು ಸುಲಭ.’ ಹೀಗೆ ಬರೆದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ನನ್ನ ಬದುಕಿನಲ್ಲಿ ಹೀಗೆ ಕೇಳದೆ ಇರುವುದು ಯಾವುದು, ಅಥವಾ ಯಾರು?

ಕನಸು ಕಂಡವರ ಉದ್ಯೋಗ, ವಯಸ್ಸು, ಆರ್ಥಿಕ ಸ್ಥಿತಿ ತಿಳಿಯದೆ ಅರ್ಥ ಹೇಳಬಾರದೆಂದು ಕ್ರಿಸ್ತಶಕ 2ನೇ ಶತಮಾನದ ಗ್ರೀಕ್ ಸ್ವಪ್ನಶಾಸ್ತ್ರಜ್ಞ ಆರ್ಟೆಮಿಡೋರಸ್ ಕೂಡ ಒತ್ತಿ ಹೇಳಿದ್ದ. ಆತನೇ ಐದು ಸಂಪುಟಗಳಷ್ಟು ಅರ್ಥಗಳನ್ನು ಬರೆದಿಟ್ಟ ಎಂಬುದು ಬೇರೆ ಮಾತು. ಮುಂದಿನವರು ಅವನ ಅರ್ಥಗಳನ್ನು ಹಿಡಿದುಕೊಂಡರು, ಎಚ್ಚರಿಕೆಯನ್ನು ಬಿಟ್ಟರು.

ಈ ಹಂತದಲ್ಲಿ ಆಪ್ತರೊಬ್ಬರ ಸಹಾಯ ಪಡೆಯಬಹುದು, ಆದರೆ ಒಂದು ಕಟ್ಟಳೆಯ ಮೇಲೆ. ಮನೋವೈದ್ಯ ಮಾಂಟೇಗ್ ಉಲ್ಮನ್ ತಮ್ಮ ಗುಂಪುಗಳಲ್ಲಿ ಅದನ್ನು ಬಳಕೆಗೆ ತಂದಿದ್ದರು: ಕೇಳುವವರು ‘ನಿನ್ನ ಕನಸಿನ ಅರ್ಥ ಇದು’ ಎನ್ನುವಂತಿಲ್ಲ, ‘ಇದು ನನ್ನ ಕನಸಾಗಿದ್ದರೆ ನನಗೆ ಹೀಗನಿಸುತ್ತಿತ್ತು’ ಎಂದೇ ಮಾತು ಶುರುಮಾಡಬೇಕು. ಒಪ್ಪುವುದು ಬಿಡುವುದು ಕನಸು ಕಂಡವರ ಹಕ್ಕು. ಈ ಕಟ್ಟಳೆಗೆ ಒಪ್ಪದ ಆಪ್ತರಿಗೆ ಕನಸು ಹೇಳದಿರುವುದೇ ವಾಸಿ. ಕನಸಿನ ಹೆಸರಿನಲ್ಲಿ ತಮ್ಮ ಹಳೆಯ ದೂರುಗಳನ್ನು ನಮ್ಮ ಮುಂದಿಡುವವರು ಎಲ್ಲರ ಮನೆಯಲ್ಲೂ ಇರುತ್ತಾರೆ.

ಎಚ್ಚರದ ಬದುಕಿಗೆ ಜೋಡಿಸುವುದು

ಕನಸುಗಳು ಬಹುಮಟ್ಟಿಗೆ ನಮ್ಮ ಹಗಲಿನ ಕಾಳಜಿಗಳನ್ನೇ ಮುಂದುವರಿಸುತ್ತವೆ ಎಂಬುದು ಇವತ್ತಿನ ಸಂಶೋಧಕರಲ್ಲಿ ಹಲವರು ಒಪ್ಪುವ ಮಾತು. ಸಾವಿರಾರು ಕನಸುಗಳನ್ನು ಕಲೆಹಾಕಿ, ಅವುಗಳಲ್ಲಿ ಯಾರು ಬರುತ್ತಾರೆ, ಏನು ಮಾಡುತ್ತಾರೆ ಎಂದು ಲೆಕ್ಕ ಹಾಕಿದ ಕ್ಯಾಲ್ವಿನ್ ಹಾಲ್ ಈ ದಾರಿಯಲ್ಲಿ ಮೊದಲಿಗರು. ಅಡಗಿಸಿಟ್ಟ ಆಸೆಗಳು ವೇಷ ಮರೆಸಿಕೊಂಡು ಬರುತ್ತವೆಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹೇಳಿದ್ದರು. ಕನಸೆಂದರೆ ಮಿದುಳಿನ ಬುಡದಿಂದ ಏಳುವ ಗೊತ್ತುಗುರಿಯಿಲ್ಲದ ಸಂಕೇತಗಳಿಗೆ ಮಿದುಳು ಕಟ್ಟುವ ಕಥೆ ಎಂದು 1977ರಲ್ಲಿ ಮನೋವೈದ್ಯರಾದ ಹಾಬ್ಸನ್ ಮತ್ತು ಮೆಕಾರ್ಲಿ ವಾದಿಸಿದರು. ವಾದ ಇನ್ನೂ ಮುಗಿದಿಲ್ಲ. ಆದರೆ ಕಥೆ ಕಟ್ಟುವುದೇ ಆಗಿದ್ದರೂ ಒಬ್ಬರ ಮಿದುಳು ವರ್ಷಗಟ್ಟಲೆ ಒಂದೇ ಕಥೆಯನ್ನು ಏಕೆ ಕಟ್ಟುತ್ತದೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಅಲ್ಲಿ ಹಗಲಿನ ಕಾಳಜಿಯ ಉತ್ತರವೇ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಜೋಡಿಸುವಾಗ ವಸ್ತುವಿಗೆ ವಸ್ತುವನ್ನು ಹೊಂದಿಸಲು ಹೋಗಬೇಡಿ, ಭಾವಕ್ಕೆ ಭಾವವನ್ನು ಹೊಂದಿಸಿ. ಬೆಂಕಿಯಿಂದ ಪಾರಾಗಿ ಬಂದವರು ಬೆಂಕಿಯನ್ನೇ ಕನಸಬೇಕೆಂದಿಲ್ಲ. ದೊಡ್ಡದೊಂದು ಅಲೆ ಬಂದು ಕೊಚ್ಚಿಕೊಂಡು ಹೋಗುವ ಕನಸು ಅವರಿಗೆ ಬೀಳಬಹುದು ಎಂದು ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ ಗುರುತಿಸಿದ್ದರು. ಭಾವ ಒಂದೇ, ಚಿತ್ರ ಬೇರೆ. ಆದ್ದರಿಂದ ನೀವು ಬರೆದ ಆ ಒಂದು ವಾಕ್ಯವನ್ನು ಹಿಡಿದು ಕೇಳಿಕೊಳ್ಳಿ: ಎಚ್ಚರವಿರುವಾಗ ನನಗೆ ಥೇಟ್ ಹೀಗನಿಸುವುದು ಎಲ್ಲಿ? ಮನೆ, ಕೆಲಸ, ದೇಹ, ಹಣ, ಹಳೆಯ ಸಂಬಂಧ, ಕೈಬಿಟ್ಟ ಆಸೆ, ಒಂದೊಂದನ್ನೂ ಮುಂದಿಟ್ಟು ನೋಡಿ.

ಎಲ್ಲಿ ಹುಡುಕಬೇಕೆಂದು ತೋಚದಿದ್ದರೆ ನೆಟ್ಟಾ ವೈನ್‌ಸ್ಟೈನ್ ಮತ್ತು ಸಂಗಡಿಗರ ಕೆಲಸದಿಂದ ಮೂರು ಪ್ರಶ್ನೆ ಎರವಲು ಪಡೆಯಬಹುದು. ಮನುಷ್ಯನಿಗೆ ಬೇಕಾದ ಮೂರು ಮೂಲ ಸಂಗತಿಗಳು, ಅಂದರೆ ತನ್ನಿಚ್ಛೆಯಂತೆ ನಡೆಯುವ ಸ್ವಾತಂತ್ರ್ಯ, ಕೈಲಾಗುತ್ತದೆಂಬ ಭರವಸೆ, ಇನ್ನೊಬ್ಬರೊಡನೆ ನಂಟು, ಇವು ಹಗಲಲ್ಲಿ ಎಷ್ಟು ಸಿಗದೆ ಹೋಗುತ್ತವೆಯೋ ಅಷ್ಟು ಕನಸುಗಳು ಕಹಿಯಾಗಿರುತ್ತವೆ ಎಂದು 2018ರಲ್ಲಿ ಅವರು ವರದಿ ಮಾಡಿದರು. ಈಗ ನನ್ನನ್ನು ಕಟ್ಟಿಹಾಕಿರುವುದು ಯಾವುದು? ಎಲ್ಲಿ ಕೈಲಾಗದವನೆಂದು ಅನಿಸುತ್ತದೆ? ಯಾರ ಹತ್ತಿರ ಮಾತು ನಿಂತುಹೋಗಿದೆ? ಬೆನ್ನಟ್ಟುವ, ಬೀಳುವ, ಒಂಟಿಯಾಗಿ ಉಳಿಯುವ ಕನಸುಗಳಿಗೆ ಈ ಮೂರು ಬಾಗಿಲು ತಟ್ಟಿ ನೋಡುವುದು ಒಳ್ಳೆಯ ಆರಂಭ.

ಒಂದೇ ಅರ್ಥಕ್ಕೆ ಜೋತು ಬೀಳದೆ ಕನಿಷ್ಠ ಎರಡು ಮೂರು ಊಹೆಗಳನ್ನು ಬರೆಯಿರಿ. ಕಾರಣವಿದೆ. ನಮಗೆ ಬೇಕಾದ ಅರ್ಥವನ್ನೇ ಕನಸಿಗೆ ಹೊರಿಸುವ ಚಟ ನಮ್ಮೆಲ್ಲರಿಗೂ ಇದೆ. ಕ್ಯಾರಿ ಮೋರ್ವೆಡ್ಜ್ ಮತ್ತು ಮೈಕೆಲ್ ನಾರ್ಟನ್ 2009ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಇಷ್ಟದವರ ಬಗ್ಗೆ ಬಿದ್ದ ಒಳ್ಳೆಯ ಕನಸನ್ನು ಜನ ಅರ್ಥಪೂರ್ಣವೆಂದು ಹಿಡಿದುಕೊಂಡರು; ತಮಗೆ ಒಗ್ಗದ ಕನಸನ್ನು ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊಳೆದ ಅರ್ಥ ತುಂಬಾ ಹಿತವಾಗಿದ್ದರೆ, ಅಥವಾ ತಪ್ಪೆಲ್ಲ ಇನ್ನೊಬ್ಬರದೇ ಎಂದು ಹೇಳುತ್ತಿದ್ದರೆ, ಸ್ವಲ್ಪ ಅನುಮಾನದಿಂದ ನೋಡಿ.

ಮೀನಿನ ಕನಸಿನ ಮಹಿಳೆ ಬರೆದುಕೊಂಡ ಮೂರು ಊಹೆಗಳು ಇವು. ಫೋನಿನಲ್ಲಿ ಪ್ರತಿ ಸಲ ‘ನಾನು ಚೆನ್ನಾಗಿದ್ದೇನೆ’ ಎಂದಷ್ಟೇ ಹೇಳುವ ವಯಸ್ಸಾದ ತಂದೆ. ಕೆಲಸ ಹೆಚ್ಚಿದ ಮೇಲೆ ನಿಂತೇಹೋದ ಸಂಗೀತಾಭ್ಯಾಸ. ಮುಂದೂಡುತ್ತಲೇ ಬಂದ ಆರೋಗ್ಯ ತಪಾಸಣೆ. ಮೊದಲನೆಯದು ಎಷ್ಟು ಸರಿಯಾಗಿ ಕೂರುತ್ತದೆಯೆಂದರೆ ಬೇರೆಯವರಾಗಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

ಊಹೆಯನ್ನು ಒರೆಗೆ ಹಚ್ಚಿ

ಈಗ ಪ್ರತಿದಿನದ ಆ ಎರಡು ಸಾಲುಗಳು ಕೆಲಸಕ್ಕೆ ಬರುತ್ತವೆ. ಮೂರೂ ಊಹೆಗಳನ್ನು ದಿನಚರಿಯ ಮುಂದಿಟ್ಟು ಓದಿ. ತಂದೆಯ ಬಗೆಗಿನ ಅಳುಕು ನಿಜವಾಗಿದ್ದರೆ ಅವರನ್ನು ನೋಡಿಕೊಂಡು ಬಂದ ವಾರ ಕನಸು ಬೀಳಬಾರದಿತ್ತು. ಆದರೆ ಆ ವಾರವೂ ಬಿದ್ದಿದೆ. ಕಚೇರಿಯ ಕೆಲಸವನ್ನು ಮನೆಗೆ ತಂದು ರಾತ್ರಿ ಕುಳಿತ ದಿನಗಳ ಬೆನ್ನಿಗೇ ಕನಸು ಹೆಚ್ಚಾಗಿ ಬಂದಿದೆ. ಬಿಡುವಿದ್ದು ಹಳೆಯ ಹಾಡುಗಳನ್ನು ಕೇಳುತ್ತಾ ಮಲಗಿದ ವಾರ ಒಮ್ಮೆಯೂ ಬಂದಿಲ್ಲ. ಹೀಗಾದರೆ ಎರಡನೆಯ ಊಹೆಗೆ ಬಲ ಬಂತು. (ತಂದೆಯನ್ನು ಹೋಗಿ ನೋಡಲು ಕನಸಿನ ಅಪ್ಪಣೆ ಬೇಕಿಲ್ಲ, ಅದು ಬೇರೆ.)

ಮುಂದಿನ ಹೆಜ್ಜೆ ಸಣ್ಣದೊಂದು ಕ್ರಿಯೆ. ಆ ಊಹೆ ನಿಜವಾದರೆ ಬದುಕಿನಲ್ಲಿ ಯಾವ ಸಣ್ಣ ಬದಲಾವಣೆ ಕನಸನ್ನು ಮುಟ್ಟಬೇಕು ಎಂದು ಮೊದಲೇ ಬರೆದಿಡಿ: ‘ವಾರಕ್ಕೆ ಎರಡು ಸಂಜೆ ಅರ್ಧ ಗಂಟೆ ಅಭ್ಯಾಸ. ಊಹೆ ಸರಿಯಿದ್ದರೆ ಕನಸು ಕಡಿಮೆಯಾಗಬೇಕು, ಇಲ್ಲವೇ ಮುಚ್ಚಳ ಬಿಚ್ಚಬೇಕು.’ ಮೊದಲೇ ಬರೆಯಬೇಕು ಎಂಬುದಕ್ಕೆ ಒತ್ತು ಕೊಡುತ್ತೇನೆ; ಆಮೇಲೆ ಬರೆದರೆ ಏನೇ ಆದರೂ ‘ನಾನು ಅಂದುಕೊಂಡಂತೆಯೇ ಆಯಿತು’ ಎನಿಸುತ್ತದೆ. ಒಂದೆರಡು ತಿಂಗಳು ಕೊಡಿ. ಏನೂ ಬದಲಾಗದಿದ್ದರೆ ಆ ಊಹೆಗೆ ಗೀಟು ಹಾಕಿ ಮುಂದಿನದನ್ನು ಎತ್ತಿಕೊಳ್ಳಿ.

ಕನಸಿನೊಳಗಿನ ಬದಲಾವಣೆಯನ್ನು ಗಮನಿಸುವುದು, ಅದು ಎಷ್ಟು ಸಲ ಬಂತೆಂದು ಎಣಿಸುವುದಕ್ಕಿಂತ ಮುಖ್ಯವೆಂದು ನನ್ನ ಅನಿಸಿಕೆ. ಬೆನ್ನಟ್ಟುವವರ ಮುಖ ಮೊದಲ ಸಲ ಕಾಣಿಸುವುದು, ಓಡುವ ಬದಲು ನಿಲ್ಲುವುದು, ತಪ್ಪಿಹೋಗುತ್ತಿದ್ದ ರೈಲು ಸಿಗುವುದು ಇಂಥವು ಹಗಲಿನಲ್ಲಿ ಏನೋ ಸಡಿಲವಾಗಿರುವ ಸೂಚನೆಯಾಗಿರಬಹುದು. ರೊನಾಲ್ಡ್ ಬ್ರೌನ್ ಮತ್ತು ಡಾನ್ ಡಾಂಡೆರಿ ಅವರ 1986ರ ಅಧ್ಯಯನದಲ್ಲಿ, ಹಿಂದೆ ಮರುಕಳಿಸುವ ಕನಸಿದ್ದು ಈಗ ನಿಂತಿರುವವರ ಮಾನಸಿಕ ನೆಮ್ಮದಿ, ಇನ್ನೂ ಅದೇ ಕನಸು ಕಾಣುತ್ತಿರುವವರಿಗಿಂತ ಚೆನ್ನಾಗಿತ್ತು. ನೆಮ್ಮದಿಯಿಂದ ಕನಸು ನಿಂತಿತೋ, ಕನಸು ನಿಂತದ್ದರಿಂದ ನೆಮ್ಮದಿಯೋ ಎಂಬುದನ್ನು ಇಂಥ ಹೋಲಿಕೆ ಹೇಳಲಾರದು. ಎರಡೂ ಜೊತೆಗೆ ನಡೆಯುತ್ತವೆ ಎಂಬುದಷ್ಟೇ ನಮಗೆ ಸಾಕು.

ಒಂದು ಎಚ್ಚರಿಕೆ. ಕನಸಿನ ಅರ್ಥವನ್ನು ನಂಬಿ ಕೆಲಸ ಬಿಡುವುದು, ಸಂಗಾತಿಯನ್ನು ಶಂಕಿಸುವುದು, ಪ್ರಯಾಣ ರದ್ದು ಮಾಡುವುದು ಬೇಡ. ಸಂಗಾತಿ ಮೋಸ ಮಾಡಿದಂತೆ ಪದೇ ಪದೇ ಕನಸು ಬಿದ್ದರೆ ಅದು ನಿಮ್ಮ ಆತಂಕಕ್ಕೆ ಸಾಕ್ಷಿ, ಅವರ ನಡತೆಗೆ ಅಲ್ಲ. ಭವಿಷ್ಯ ತಿಳಿಸುವ ಕನಸೆಂಬುದೂ ಹಾಗೆಯೇ. ರಾತ್ರಿಗೆ ನಾಲ್ಕೈದು ಸಲ ರೆಮ್ ನಿದ್ದೆ ಬರುತ್ತದೆ, ವರ್ಷಕ್ಕೆ ಎಷ್ಟು ಕನಸಾಯಿತು ನೋಡಿ. ಅವುಗಳಲ್ಲಿ ಒಂದೆರಡು ಆಮೇಲಿನ ಘಟನೆಗಳಿಗೆ ಹೋಲದಿದ್ದರೆ ಅದೇ ಆಶ್ಚರ್ಯ. ಹೋಲಿದ್ದು ನೆನಪಿರುತ್ತದೆ, ಹೋಲದ್ದು ಮರೆತುಹೋಗಿರುತ್ತದೆ.

ಎಲ್ಲರಿಗೂ ಬೀಳುವ ಕೆಲವು

ಬೆನ್ನಟ್ಟಿಸಿಕೊಳ್ಳುವುದು, ಬೀಳುವುದು, ತಡವಾಗುವುದು, ಪರೀಕ್ಷೆ, ಜನರ ನಡುವೆ ಬಟ್ಟೆಯಿಲ್ಲದೆ ನಿಲ್ಲುವುದು: ಎಲ್ಲೆಡೆ ಜನ ಹೇಳುವ ಕನಸುಗಳಿವು. ಇವುಗಳಿಗೂ ಸಿದ್ಧ ಅರ್ಥವಿಲ್ಲ, ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಬೆನ್ನಟ್ಟುವ ಕನಸಿನಲ್ಲಿ ಯಾರು ಎಂಬುದಕ್ಕಿಂತ, ಸಿಕ್ಕಿಬಿದ್ದರೆ ಏನಾಗುತ್ತದೆಂದು ಕನಸಿನಲ್ಲಿ ನಿಮಗೆ ಅನಿಸುತ್ತದೆ ಎಂದು ಕೇಳಿಕೊಳ್ಳಿ. ಬಟ್ಟೆಯಿಲ್ಲದ ಕನಸಿನಲ್ಲಿ ಸುತ್ತಲಿನವರು ನೋಡುತ್ತಿದ್ದರೇ, ಅಥವಾ ಅವರಿಗೆ ಅದು ಲೆಕ್ಕಕ್ಕೇ ಇರಲಿಲ್ಲವೇ? ಕಾಲೆತ್ತಿ ಓಡಲಾಗದ ಅನುಭವಕ್ಕೆ ಭಾಗಶಃ ದೇಹವೇ ಕಾರಣವಿರಬಹುದು, ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಗೊಂಡು ಅಲುಗದಂತಾಗಿರುತ್ತವೆ.

ಪರೀಕ್ಷೆಯ ಕನಸಿನ ಬಗ್ಗೆ ಒಂದು ಸಮಾಧಾನದ ಸುದ್ದಿಯಿದೆ. ಫ್ರಾನ್ಸಿನಲ್ಲಿ ವೈದ್ಯಕೀಯ ಸ್ಪರ್ಧಾತ್ಮಕ ಪರೀಕ್ಷೆ ಬರೆದವರನ್ನು ಇಸಬೆಲ್ ಆರ್ನುಲ್ಫ್ ಮತ್ತು ಸಂಗಡಿಗರು ವಿಚಾರಿಸಿದರು. ಪರೀಕ್ಷೆಯ ಕನಸು ಕಂಡವರಲ್ಲಿ ಬಹುಪಾಲು ಮಂದಿಗೆ ಕನಸಿನಲ್ಲಿ ಎಡವಟ್ಟೇ ಆಗಿತ್ತು: ತಡವಾಗಿ ಹೋಗುವುದು, ಉತ್ತರ ಮರೆಯುವುದು. ಆದರೆ ಆ ಕನಸು ಹೆಚ್ಚಾಗಿ ಕಂಡವರ ಅಂಕಗಳು ಕಾಣದವರಿಗಿಂತ ಚೆನ್ನಾಗಿದ್ದವು. 2014ರಲ್ಲಿ ಇದು ಪ್ರಕಟವಾಯಿತು. ಕೆಟ್ಟ ಕನಸು ಎಂದರೆ ಕೆಟ್ಟ ಫಲ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗಿದೆ. ಓದು ಮುಗಿಸಿ ದಶಕಗಳಾದ ಮೇಲೂ ಈ ಕನಸು ಕಾಣುವವರು, ಈಗ ಯಾರ ಮುಂದೆ ತಮ್ಮನ್ನು ಸಾಬೀತುಪಡಿಸಬೇಕಾಗಿದೆ ಎಂದು ನೋಡಿಕೊಂಡರೆ ಸಾಮಾನ್ಯವಾಗಿ ಹೆಚ್ಚು ದೂರ ಹುಡುಕಬೇಕಾಗುವುದಿಲ್ಲ.

ಅರ್ಥ ಸಿಕ್ಕಿದರೂ ಕನಸು ನಿಲ್ಲದಿದ್ದರೆ

ಇದೂ ಆಗುತ್ತದೆ. ಕಾರಣ ತಿಳಿದಿದೆ, ಸರಿಪಡಿಸುವುದು ನಿಮ್ಮ ಕೈಯಲ್ಲಿಲ್ಲ; ಅಥವಾ ಕಾರಣ ಹೋಗಿ ವರ್ಷಗಳಾದರೂ ಕನಸು ಮಾತ್ರ ರೂಢಿಬಲದಿಂದ ಬರುತ್ತಿದೆ. ಆಗ ಕನಸಿನ ಕಥೆಯನ್ನೇ ಎಚ್ಚರದಲ್ಲಿ ತಿದ್ದಬಹುದು. ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರೊಂದಿಗೆ ಈ ವಿಧಾನವನ್ನು ಪರೀಕ್ಷಿಸಿ, ದುಃಸ್ವಪ್ನಗಳು ಕಡಿಮೆಯಾದವೆಂದು 2001ರಲ್ಲಿ ವರದಿ ಮಾಡಿದರು. ನಿದ್ರಾ ಚಿಕಿತ್ಸಕರು ಇಂದಿಗೂ ಇದನ್ನು ಬಳಸುತ್ತಾರೆ.

ಕನಸನ್ನು ಬರೆದುಕೊಂಡು, ನಿಮಗೆ ಬೇಕಾದ ಕಡೆ ಬೇಕಾದಂತೆ ಬದಲಿಸಿ. ಕೊನೆಯನ್ನೇ ಬದಲಿಸಬೇಕೆಂದಿಲ್ಲ, ಮೊದಲೇ ಬಾಗಿಲಿಗೆ ಕಿಟಕಿಯೊಂದನ್ನು ಸೇರಿಸಬಹುದು, ಬೆನ್ನಟ್ಟುವವನ ಕೈಗೆ ನೀವು ಮರೆತ ಕೊಡೆಯನ್ನು ಕೊಟ್ಟುಬಿಡಬಹುದು. ಗೆದ್ದಂತೆ ಬರೆಯುವ ಹಟವೂ ಬೇಡ. ಹೊಸ ಕಥೆಯನ್ನು ದಿನಕ್ಕೆ ಹತ್ತು ಇಪ್ಪತ್ತು ನಿಮಿಷ, ಹಗಲಿನಲ್ಲಿ, ಕಣ್ಣು ಮುಚ್ಚಿ ಮನಸ್ಸಿನಲ್ಲಿ ನಡೆಸಿ ನೋಡಿ. ಹಳೆಯ ಕಥೆಯನ್ನು ಮತ್ತೆ ಮತ್ತೆ ನೆನೆಯಬೇಡಿ. ತೀರಾ ಭೀಕರವಾದ ಕನಸಿನಿಂದ ಶುರುಮಾಡದೆ ಹಗುರವಾದದ್ದರಿಂದ ಆರಂಭಿಸುವುದು ಲೇಸು, ಕೆಲವು ವಾರ ಬಿಡದೆ ಮಾಡಬೇಕು.

ಯಾವಾಗ ವೈದ್ಯರನ್ನು ಕಾಣಬೇಕು

ನಡೆದ ಆಘಾತವೇ ಕನಸಿನಲ್ಲಿ ಮರಳುತ್ತಿದ್ದರೆ, ಕನಸಿಗೆ ಹೆದರಿ ಮಲಗುವುದನ್ನೇ ಮುಂದೂಡುತ್ತಿದ್ದರೆ, ವಾರಕ್ಕೆ ಹಲವು ಸಲ ಎಚ್ಚರವಾಗಿ ಹಗಲಿನ ಕೆಲಸ ಕೆಡುತ್ತಿದ್ದರೆ ಮನೋವೈದ್ಯರನ್ನೋ ನಿದ್ರಾ ತಜ್ಞರನ್ನೋ ಕಾಣಿ. ದುಃಸ್ವಪ್ನಗಳ ಜೊತೆಗೆ ಸಾಯುವ ಯೋಚನೆ ಬರುತ್ತಿದ್ದರೆ ಅಂದೇ ಹೋಗಿ, ಮನೆಯವರಿಗೂ ತಿಳಿಸಿ.

ಇನ್ನೊಂದು ಲಕ್ಷಣವನ್ನು ಸಾಮಾನ್ಯವಾಗಿ ಮನೆಯವರು ನಗೆಯಾಡಿ ಬಿಟ್ಟುಬಿಡುತ್ತಾರೆ. ನಿದ್ದೆಯಲ್ಲೇ ಒದೆಯುವುದು, ಗುದ್ದುವುದು, ಕೂಗುತ್ತಾ ಮಂಚದಿಂದ ಬೀಳುವುದು, ಎಬ್ಬಿಸಿದಾಗ ಅದಕ್ಕೆ ಸರಿಹೊಂದುವ ಹೊಡೆದಾಟದ ಕನಸು ಹೇಳುವುದು. ರೆಮ್ ನಿದ್ದೆಯಲ್ಲಿ ಸಡಿಲವಾಗಿರಬೇಕಾದ ಸ್ನಾಯುಗಳು ಸಡಿಲವಾಗದಿರುವ ಕಾಯಿಲೆ ಇದು. 1986ರಲ್ಲಿ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಇದನ್ನು ವಿವರಿಸಿದರು. ಐವತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣಿಸುತ್ತದೆ, ಕೆಲವರಲ್ಲಿ ಪಾರ್ಕಿನ್‌ಸನ್ ಕಾಯಿಲೆಗೆ ವರ್ಷಗಳಷ್ಟು ಮೊದಲೇ ಬರುತ್ತದೆ. ನರರೋಗ ತಜ್ಞರಿಗೆ ತೋರಿಸಲೇಬೇಕು. ಅಲ್ಲಿಯವರೆಗೆ ಮಂಚದ ಪಕ್ಕದ ಗಾಜಿನ ಲೋಟ, ಚೂಪಾದ ವಸ್ತುಗಳನ್ನು ದೂರವಿಡಿ.

ಮಕ್ಕಳ ವಿಷಯದಲ್ಲಿ ಮೊದಲು ಹೊತ್ತು ನೋಡಿ. ಮಲಗಿದ ಒಂದೆರಡು ಗಂಟೆಯೊಳಗೆ ಚೀರಿ ಎದ್ದು ಕುಳಿತು, ಮಾತನಾಡಿಸಿದರೂ ಗುರುತು ಹಿಡಿಯದೆ, ಬೆಳಿಗ್ಗೆ ಏನೂ ನೆನಪಿಲ್ಲವೆಂದರೆ ಅದು ಆಳ ನಿದ್ದೆಯಿಂದ ಅರ್ಧ ಎಚ್ಚರವಾಗುವ ಬೆಚ್ಚುವಿಕೆ. ಬಲವಂತವಾಗಿ ಎಬ್ಬಿಸದೆ ಪೆಟ್ಟಾಗದಂತೆ ನೋಡಿಕೊಂಡರೆ ಸಾಕು, ಅದಕ್ಕೆ ಅರ್ಥ ಹುಡುಕುವುದು ದಂಡ. ಬೆಳಗಿನ ಜಾವ ಅಳುತ್ತಾ ಎದ್ದು ಕನಸನ್ನು ಹೇಳುವ ಮಗುವಾದರೆ ಕೇಳಿಸಿಕೊಳ್ಳಿ, ಹಗಲಿನಲ್ಲಿ ಆ ಕನಸಿನ ಚಿತ್ರ ಬರೆಯಲು ಹೇಳಿ, ಅದರಲ್ಲಿ ಏನು ಬದಲಿಸಿದರೆ ಹೆದರಿಕೆ ಹೋಗುತ್ತದೆಂದು ಮಗುವನ್ನೇ ಕೇಳಿ. ಅರ್ಥವನ್ನು ಮಾತ್ರ ನೀವು ಹೇಳಿಕೊಡಬೇಡಿ.